ಪೂರ್ವಜರ ಜೀವನಘಟ್ಟಗಳು ಮತ್ತು ಚಾರಿತ್ರಿಕ ಸಂದರ್ಭ: ಜಾಲಹಳ್ಳಿಯ ನೆಲೆಯಲ್ಲಿ ಒಂದು ವಿಮರ್ಶೆ

ವಂಶಚರಿತ್ರೆ ಎಂಬ ಬರವಣಿಗೆ ಕನ್ನಡಕ್ಕೆ ಹೊಸದಲ್ಲ. ಷಷ್ಟ್ಯಬ್ದಿ, ಸಹಸ್ರ ಚಂದ್ರದರ್ಶನ, ಶತಮಾನೋತ್ಸವಗಳ ನೆಪದಲ್ಲಿ ಮನೆತನದವರೇ ಅಚ್ಚು ಹಾಕಿಸಿದ ವಂಶಾವಳಿಗಳು, ಅಭಿನಂದನ ಗ್ರಂಥಗಳ ಕೊನೆಯಲ್ಲಿ ಅನುಬಂಧವಾಗಿ ಬರುವ ಜೀವನರೇಖೆಗಳು, ಸಂಘಸಂಸ್ಥೆಗಳ ಸ್ಮರಣ ಸಂಚಿಕೆಗಳಲ್ಲಿನ ಹಿರಿಯರ ಪರಿಚಯಗಳು ನಮ್ಮ ಗ್ರಂಥಾಲಯಗಳಲ್ಲಿ ಸಾಕಷ್ಟು ಸಂಗ್ರಹವಾಗಿವೆ. ಇವುಗಳಲ್ಲಿ ಒಂದು ವಿನ್ಯಾಸ ಮತ್ತೆ ಮತ್ತೆ ಕಾಣಿಸುತ್ತದೆ. ಒಂದು ಕಡೆ ಪೂರ್ವಜನ ಜನನ, ವಿವಾಹ, ಉದ್ಯೋಗ, ನಿವೃತ್ತಿ, ಮರಣ. ಅದರ ಎದುರಿಗೆ ಆಯಾ ವರ್ಷದ ರಾಷ್ಟ್ರೀಯ ಘಟನೆ. ಅಜ್ಜ ಹುಟ್ಟಿದ ವರ್ಷಕ್ಕೆ ಬಂಗಾಳದ ವಿಭಜನೆ, ಮದುವೆಯ ವರ್ಷಕ್ಕೆ ದಂಡಿಯಾತ್ರೆ, ಮೊದಲ ಮಗನ ಜನನಕ್ಕೆ ಕ್ವಿಟ್ ಇಂಡಿಯಾ. ಹೀಗೆ ಎದುರುಬದುರಾಗಿ ನಿಲ್ಲಿಸಿದರೆ ಪೂರ್ವಜನ ಬದುಕಿಗೆ ಚಾರಿತ್ರಿಕ ಸಂದರ್ಭ ಒದಗಿತೆಂಬ ನಂಬಿಕೆ ಈ ವಿನ್ಯಾಸದ ಹಿಂದಿದೆ.

ಈ ನಂಬಿಕೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಒಂದೇ ವರ್ಷದಲ್ಲಿ ನಡೆದವು ಎಂಬ ಮಾತ್ರಕ್ಕೆ ಎರಡು ಸಂಗತಿಗಳ ನಡುವೆ ಸಂಬಂಧ ಏರ್ಪಡುವುದಿಲ್ಲ. ಸಂದರ್ಭವೆಂದರೆ ಒಬ್ಬ ವ್ಯಕ್ತಿಯ ಹೊಲ, ಕೂಲಿ, ಮನೆ, ಆಯಸ್ಸುಗಳನ್ನು ನೇರವಾಗಿ ಮುಟ್ಟಿದ ಶಕ್ತಿಗಳ ಮೊತ್ತ. ಅಷ್ಟೇ ಅಲ್ಲ, ಒಂದೇ ಊರಿನ ಎರಡು ಮನೆಗಳಿಗೆ ಒಂದೇ ವರ್ಷವು ವಿರುದ್ಧಾರ್ಥದ ಘಟ್ಟವಾಗಿರಲು ಸಾಧ್ಯ. ಈ ಮಾತನ್ನು ಬೆಂಗಳೂರಿನ ವಾಯವ್ಯದ ಜಾಲಹಳ್ಳಿಯನ್ನು ಮುಂದಿಟ್ಟುಕೊಂಡು ವಿವೇಚಿಸಲಾಗಿದೆ. ಬೇಸಾಯದ ಹಳ್ಳಿಯಾಗಿದ್ದು, ಯುದ್ಧಕಾಲದಲ್ಲಿ ಸೈನಿಕ ನೆಲೆಯಾಗಿ, ಬಳಿಕ ಸಾರ್ವಜನಿಕ ಉದ್ಯಮಗಳ ಬಡಾವಣೆಯಾಗಿ ಬದಲಾದ ಈ ಸ್ಥಳದಲ್ಲಿ ಪೂರ್ವಜರ ಬದುಕಿನ ಘಟ್ಟಗಳನ್ನು ಗುರುತಿಸುವ ಕಷ್ಟ ಎದ್ದು ಕಾಣುತ್ತದೆ.

ಪರಂಪರೆಯ ಮಾದರಿಗಳು

ಪೂರ್ವಜರನ್ನು ಕಾಲದಲ್ಲಿಟ್ಟು ನೆನೆಯುವ ಕ್ರಮ ನಮ್ಮಲ್ಲಿ ಬಹಳ ಹಿಂದಿನಿಂದಲೂ ಇದೆ. ಜಾಲಹಳ್ಳಿಗೆ ಪೂರ್ವದಲ್ಲಿ ಕೆಲವೇ ಕಿಲೋಮೀಟರ್ ದೂರದ ಹೆಬ್ಬಾಳದಲ್ಲಿ ದೊರೆತಿರುವ, ಗಂಗರ ಶ್ರೀಪುರುಷನ ಕಾಲದ, 8ನೆಯ ಶತಮಾನದ ವೀರಗಲ್ಲು ಕಿತ್ತಯ ಎಂಬ ವೀರನ ಸಾವನ್ನು ದಾಖಲಿಸುತ್ತದೆ. ಆಳುವ ಅರಸ ಯಾರು, ನಾಡು ಯಾವುದು, ಮೇಲೆ ಬಿದ್ದವರು ಯಾರು, ಸತ್ತವನು ಯಾರು ಎಂಬುದಷ್ಟೇ ಅಲ್ಲಿರುವ ವಿವರ. ಹುಟ್ಟಿದ ದಿನವಿಲ್ಲ, ಮದುವೆಯಿಲ್ಲ, ಬಿರುದಾವಳಿಯಿಲ್ಲ. ಬೇಗೂರಿನಲ್ಲಿ ದೊರೆತ, ಬೆಂಗಳೂರಿನ ಕಾಳಗವನ್ನು ಹೆಸರಿಸುವ 9ನೆಯ ಶತಮಾನದ ಕೊನೆಯ ಭಾಗದ ಶಾಸನದ ರೀತಿಯೂ ಇದೇ. ಬಿ. ಎಲ್. ರೈಸ್ ಅವರು 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಬೆಂಗಳೂರು ಜಿಲ್ಲೆಯ ಸಂಪುಟದಲ್ಲಿ ಇಂತಹ ಕಲ್ಲುಗಳು ಹಲವಿವೆ. ಇಲ್ಲಿ ಗಮನಿಸಬೇಕಾದುದು ಒಂದು ತರ್ಕವನ್ನು. ವೀರಗಲ್ಲಿನಲ್ಲಿ ಅರಸನ ಹೆಸರು ಮತ್ತು ದಾಳಿಯ ಪ್ರಸ್ತಾಪ ಅಲಂಕಾರವಾಗಿ ಬಂದಿಲ್ಲ. ಅವು ಆ ವ್ಯಕ್ತಿಯ ಸಾವಿನ ಕಾರಣವನ್ನು ಹೇಳುತ್ತವೆ. ಸಂದರ್ಭವೂ ಜೀವನಘಟ್ಟವೂ ಅಲ್ಲಿ ಒಂದೇ ವಾಕ್ಯದಲ್ಲಿ ಹೆಣೆದುಕೊಂಡಿವೆ.

ಎರಡನೆಯ ಮಾದರಿ ಹೆಳವರದು. ಒಕ್ಕಲು ಮನೆಗಳ ಬಾಗಿಲಿಗೆ ಬಂದು ಆ ಮನೆತನದ ಪೀಳಿಗೆಗಳನ್ನು ಹೇಳಿ ದವಸಧಾನ್ಯ ಪಡೆಯುತ್ತಿದ್ದ ಈ ಸಮುದಾಯದವರು ನಮ್ಮ ಬೇಸಾಯಗಾರರ ವಂಶಚರಿತ್ರಕಾರರೇ ಸರಿ. ಹೆಳವರ ನಿರೂಪಣೆಯಲ್ಲಿ ಇಸವಿಗಳು ಮುಖ್ಯವಲ್ಲ. ಮೂಲಸ್ಥಳ ಯಾವುದು, ಅಲ್ಲಿಂದ ಏಕೆ ಹೊರಟರು, ಎಲ್ಲಿ ನೆಲೆನಿಂತರು, ಅಣ್ಣತಮ್ಮಂದಿರು ಹೇಗೆ ಪಾಲಾದರು ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರವಿದೆ. ಮೆಕೆಂಜಿಯ ಕಾಲದಲ್ಲಿ ಸಂಗ್ರಹವಾಗಿ, ಮುಂದೆ ಎಂ. ಎಂ. ಕಲಬುರ್ಗಿಯವರ ಸಂಪಾದನೆಯಲ್ಲಿ ಪ್ರಕಟವಾದ ಕೈಫಿಯತ್ತುಗಳಲ್ಲೂ ವಲಸೆ, ಕೆರೆ, ಕೋಟೆ, ಬರಗಳೇ ಊರುಮನೆಗಳ ಕಾಲವನ್ನು ಅಳೆಯುವ ಗುರುತುಗಳು.

ಆಧುನಿಕ ಗದ್ಯದ ನೆನಪಿನ ಸಾಹಿತ್ಯ ಮೂರನೆಯ ಮಾದರಿ. ಡಿ. ವಿ. ಗುಂಡಪ್ಪನವರ ‘ಜ್ಞಾಪಕ ಚಿತ್ರಶಾಲೆ’, ನವರತ್ನ ರಾಮರಾಯರ ‘ಕೆಲವು ನೆನಪುಗಳು’, ಮಾಸ್ತಿಯವರ ‘ಭಾವ’ ಈ ಕೃತಿಗಳು ಹಳೆಯ ಮೈಸೂರಿನ ಬದುಕಿನ ಅಮೂಲ್ಯ ಆಕರಗಳು. ಆದರೆ ಇವುಗಳ ಲೇಖಕರು ಪತ್ರಿಕೆ, ಕಚೇರಿ, ಆಡಳಿತಗಳಿಗೆ ಹತ್ತಿರವಾಗಿದ್ದವರು. ಅವರ ಜೀವನವೂ ರಾಜ್ಯದ ಚರಿತ್ರೆಯೂ ಕಾಗದದ ಮೇಲೆ ಸಂಧಿಸುವುದು ಸಹಜ. ಕಂದಾಯ ಅಧಿಕಾರಿಯ ಕ್ಯಾಂಪಿನಿಂದ ಕಾಣುವ ಹಳ್ಳಿ ಬೇರೆ, ಕಂದಾಯ ಕಟ್ಟುವವನ ಅಂಗಳದಿಂದ ಕಾಣುವ ಹಳ್ಳಿ ಬೇರೆ. ಸಿದ್ಧಲಿಂಗಯ್ಯನವರ ‘ಊರುಕೇರಿ’ಯಲ್ಲಿ ಈ ಅಂತರ ಸ್ಪಷ್ಟವಾಗುತ್ತದೆ. ಮನುಷ್ಯರಿಬ್ಬರ ಹೆಗಲಿಗೆ ನೊಗ ಕಟ್ಟಿ ಉಳುವ ದೃಶ್ಯ, ಆ ಇಬ್ಬರಲ್ಲಿ ಒಬ್ಬರು ತಂದೆ ಎಂಬ ಅರಿವು, ಆ ಕೃತಿಯ ಆರಂಭದಲ್ಲೇ ಬರುತ್ತದೆ. ಅದರ ಎದುರಿಗೆ ಯಾವ ರಾಷ್ಟ್ರೀಯ ಘಟನೆಯನ್ನು ಬರೆದರೂ ಅದು ಹೊರಗೇ ಉಳಿಯುತ್ತದೆ. ಭೂಮಿಯ ಒಡೆತನ ಮತ್ತು ಜಾತಿ ಎಂಬ ಸಂದರ್ಭ ಆ ದೃಶ್ಯದೊಳಗೇ ಇದೆ.

ಕಾಲದ ಲೆಕ್ಕ

ಪೂರ್ವಜನ ಜೀವನಘಟ್ಟಗಳನ್ನು ಇತಿಹಾಸದಲ್ಲಿ ನಿಲ್ಲಿಸುವ ಮುನ್ನ ಆ ಘಟ್ಟಗಳ ಕಾಲವೇ ನಿಶ್ಚಯವಾಗಬೇಕು. ಈ ವಿಷಯದಲ್ಲಿ ನಮ್ಮ ಕುಟುಂಬ ಚರಿತ್ರೆಗಳು ತೋರುವ ಆತ್ಮವಿಶ್ವಾಸಕ್ಕೆ ಆಧಾರ ಕಡಿಮೆ. ಜಾತಕ ಬರೆಸಿದ ಮನೆಗಳಲ್ಲಿ ಜನನಕಾಲ ಸಂವತ್ಸರದ ಹೆಸರಿನಲ್ಲಿರುತ್ತದೆ. ಸಂವತ್ಸರ ಚಕ್ರ 60 ವರ್ಷಕ್ಕೊಮ್ಮೆ ಮರಳುವುದರಿಂದ ಧಾತು ಸಂವತ್ಸರದಲ್ಲಿ ಹುಟ್ಟಿದವರು 1876–77ರವರೂ ಆಗಬಹುದು, 1936–37ರವರೂ ಆಗಬಹುದು. ತಲೆಮಾರುಗಳ ಅಂತರವನ್ನು ಲೆಕ್ಕ ಹಾಕದೆ ಇಸವಿ ಬರೆದರೆ ತಾತನ ಸ್ಥಾನದಲ್ಲಿ ಮುತ್ತಾತ ಬಂದು ಕೂರುತ್ತಾನೆ. ಸಂವತ್ಸರವು ಯುಗಾದಿಯಿಂದ ಯುಗಾದಿಗೆ ನಡೆಯುವುದರಿಂದ ಜನವರಿಯಿಂದ ಮಾರ್ಚ್‌ವರೆಗಿನ ಘಟನೆಗಳು ಮುಂದಿನ ಇಸವಿಗೆ ಸೇರುತ್ತವೆ ಎಂಬುದನ್ನೂ ಮರೆಯುವಂತಿಲ್ಲ.

ಜಾತಕವಿಲ್ಲದ ಬಹುಸಂಖ್ಯಾತರ ಮನೆಗಳಲ್ಲಿ ವಯಸ್ಸನ್ನು ಆಪತ್ತುಗಳಿಂದ ಎಣಿಸುತ್ತಿದ್ದರು. 1876–78ರ ಧಾತು ಈಶ್ವರದ ಬರ, 1898ರ ವಿಳಂಬಿಯಲ್ಲಿ ಬೆಂಗಳೂರಿಗೆ ಬಂದ ಪ್ಲೇಗು, 1918ರ ಕಾಳಯುಕ್ತಿಯ ಇನ್‌ಫ್ಲುಯೆಂಜಾ ಇಂತಹ ಗುರುತುಗಳು. ಪ್ಲೇಗಿನ ವರ್ಷ ಊರು ಬಿಟ್ಟು ಗುಡಿಸಲು ಹಾಕಿದಾಗ ಹುಟ್ಟಿದ ಕೂಸು ಎಂಬ ಮಾತಿನಲ್ಲಿ ದಿನಾಂಕ ಅಸ್ಪಷ್ಟವಾದರೂ ಸಂದರ್ಭ ಸ್ಪಷ್ಟ. ಶಾಲೆಯ ದಾಖಲಾತಿಯಲ್ಲಿ ಸಿಗುವ ಜನ್ಮದಿನಾಂಕದ ಸ್ವರೂಪ ಇದಕ್ಕೆ ತಿರುಗುಮುರುಗು. ಮಗುವನ್ನು ಸೇರಿಸಿಕೊಳ್ಳುವ ಅನುಕೂಲಕ್ಕೆ ಉಪಾಧ್ಯಾಯರು ಬರೆದುಕೊಂಡ ದಿನಾಂಕವೇ ಮುಂದೆ ಕಾರ್ಖಾನೆಯ ಸೇವಾ ಪುಸ್ತಕಕ್ಕೆ ಏರಿ, ನಿವೃತ್ತಿಯ ದಿನವನ್ನು ನಿರ್ಧರಿಸಿದ ನಿದರ್ಶನಗಳು ಈ ಪ್ರದೇಶದಲ್ಲಿ ಸಾಮಾನ್ಯ. ಇದನ್ನು ಜನನದ ದಾಖಲೆ ಎನ್ನುವುದಕ್ಕಿಂತ, ಅಕ್ಷರವಿಲ್ಲದ ಮನೆಯೊಂದು ಸರ್ಕಾರಿ ಕಾಗದದ ಲೋಕವನ್ನು ಪ್ರವೇಶಿಸಿದ ಗಳಿಗೆಯ ದಾಖಲೆ ಎನ್ನುವುದು ಹೆಚ್ಚು ಸರಿ.

ಬರದ ಪರಿಣಾಮ ವಂಶವೃಕ್ಷದಲ್ಲಿ ಕಾಣುವುದು ಬೇರೊಂದು ಬಗೆಯಲ್ಲಿ. 1871ರ ಜನಗಣತಿಯಲ್ಲಿ ಸುಮಾರು 50.5 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 41.9 ಲಕ್ಷಕ್ಕೆ ಇಳಿಯಿತು. ಇಷ್ಟು ದೊಡ್ಡ ನಷ್ಟವಾದ ನಾಡಿನಲ್ಲಿ ವಂಶಾವಳಿಗಳು ಮೂರುನಾಲ್ಕು ತಲೆಮಾರಿನ ಹಿಂದಕ್ಕೆ ಹೋಗಿ ಥಟ್ಟನೆ ನಿಂತುಬಿಡುವುದಕ್ಕೆ ಮರೆವೊಂದೇ ಕಾರಣವಾಗಿರಲಾರದು. ಅದರ ಹಿಂದೆ ಸತ್ತವರ, ಊರು ಬಿಟ್ಟವರ, ಅನ್ಯರ ಮನೆಯಲ್ಲಿ ಬೆಳೆದವರ ಕಥೆ ಇರುವ ಸಾಧ್ಯತೆಯನ್ನು ಸಂಶೋಧಕ ಪರಿಗಣಿಸಬೇಕು. ‘ಮಾಹಿತಿ ಲಭ್ಯವಿಲ್ಲ’ ಎಂದು ಬರೆದು ಮುಂದೆ ಹೋಗುವ ಕಡೆಯೇ ಸಂದರ್ಭದ ವಿವರಣೆ ಹೆಚ್ಚು ಅಗತ್ಯ.

ಯಾರ ರಾಜ್ಯದ ಇತಿಹಾಸ?

ಎದುರುಬದುರಿನ ವಿನ್ಯಾಸದ ಇನ್ನೊಂದು ದೋಷ ಆಡಳಿತದ ಚೌಕಟ್ಟಿಗೆ ಸಂಬಂಧಿಸಿದ್ದು. ಜಾಲಹಳ್ಳಿಯ ರೈತ 1947ರವರೆಗೆ ನೇರ ಬ್ರಿಟಿಷ್ ಆಳ್ವಿಕೆಯ ಪ್ರಜೆಯಾಗಿರಲಿಲ್ಲ. 1881ರ ಅಧಿಕಾರ ಹಸ್ತಾಂತರದ ಬಳಿಕ ಅವನು ಮೈಸೂರು ಮಹಾರಾಜರ ಪ್ರಜೆ. ಅದೇ ಬೆಂಗಳೂರಿನ ದಂಡು ಪ್ರದೇಶದಲ್ಲಿ ವಾಸವಾಗಿದ್ದವನು ಬ್ರಿಟಿಷ್ ರೆಸಿಡೆಂಟರ ಆಡಳಿತಕ್ಕೆ ಒಳಪಟ್ಟಿದ್ದ. ಆ ಪ್ರದೇಶ ಮೈಸೂರಿಗೆ ಮರಳಿದ್ದು 1947ರ ಜುಲೈನಲ್ಲಿ. ಹಳ್ಳಿಯಿಂದ ದಂಡಿಗೆ ಹಾಲು, ತರಕಾರಿ, ಸೌದೆ ಹೊತ್ತು ಮಾರಿದವನು ದಿನಕ್ಕೊಮ್ಮೆ ಆಡಳಿತದ ಗಡಿ ದಾಟುತ್ತಿದ್ದ. 1947ರ ಆಗಸ್ಟ್ 15ನ್ನು ಇಂತಹವನ ಬದುಕಿನ ತಿರುವೆಂದು ಬರೆಯುವಾಗ, ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಆ ಬಳಿಕವೂ ‘ಮೈಸೂರು ಚಲೋ’ ಚಳವಳಿ ನಡೆಯಬೇಕಾಯಿತು, ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದದ್ದು ಅಕ್ಟೋಬರ್‌ನಲ್ಲಿ ಎಂಬ ಸಂಗತಿಗಳು ಬಿಟ್ಟುಹೋಗುತ್ತವೆ.

ಗ್ರಾಮಮಟ್ಟದಲ್ಲಿ ಇದಕ್ಕಿಂತ ನಿರ್ಣಾಯಕವಾದವು ಭೂಸಂಬಂಧದ ಕಾನೂನುಗಳು. ಇನಾಮು ರದ್ದತಿಯ 1954ರ ಕಾಯಿದೆ, ಗ್ರಾಮಾಧಿಕಾರಗಳನ್ನು ರದ್ದುಪಡಿಸಿದ 1961ರ ಕಾಯಿದೆ, 1974ರಲ್ಲಿ ತಿದ್ದುಪಡಿಯಾಗಿ ಜಾರಿಗೆ ಬಂದ ಭೂಸುಧಾರಣೆ ಇವು ಮೂರೂ ಶಾನುಭೋಗ, ಪಟೇಲ, ತೋಟಿ, ತಳವಾರ, ನೀರುಗಂಟಿ, ಗೇಣಿದಾರರ ಮನೆಗಳಲ್ಲಿ ಮೈಲಿಗಲ್ಲುಗಳೇ. ಒಂದು ಮನೆ ಕಳೆದುಕೊಂಡದ್ದು ಇನ್ನೊಂದು ಮನೆಯ ಗಳಿಕೆಯಾದ ಸಂದರ್ಭಗಳಿವು. ವಂಶಚರಿತ್ರೆಗಳಲ್ಲಿ ಇವುಗಳ ಪ್ರಸ್ತಾಪ ಅಪರೂಪವಾಗಿರುವುದು ಆಕಸ್ಮಿಕವಲ್ಲ. ಸ್ತುತಿಗೆಂದು ಬರೆದ ಬರವಣಿಗೆಗೆ ಗೇಣಿಯ ವ್ಯಾಜ್ಯ ಒಗ್ಗುವುದಿಲ್ಲ.

ಜಾಲಹಳ್ಳಿಯ ತಿರುವುಗಳು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಂಗಳೂರು ಮಿತ್ರಪಡೆಗಳ ಪ್ರಮುಖ ನೆಲೆಯಾಯಿತು. ಉತ್ತರ ಆಫ್ರಿಕದ ರಣರಂಗದಲ್ಲಿ ಸೆರೆಸಿಕ್ಕ ಇಟಲಿಯ ಯುದ್ಧಕೈದಿಗಳನ್ನು ಬೆಂಗಳೂರಿನ ಸುತ್ತಲಿನ ಶಿಬಿರಗಳಲ್ಲಿ ಇರಿಸಲಾಯಿತು. ಜಾಲಹಳ್ಳಿಯಲ್ಲಿ ಸೈನಿಕ ಆಸ್ಪತ್ರೆಗಳು ಎದ್ದವು. ಯುದ್ಧಾನಂತರ ಈ ನೆಲೆ ವಾಯುಪಡೆಗೆ ಬಂದು, 1949ರಲ್ಲಿ ವಾಯುಪಡೆಯ ತಾಂತ್ರಿಕ ಕಾಲೇಜು ಇಲ್ಲಿ ಆರಂಭವಾಯಿತು. ಜಾಲಹಳ್ಳಿ ಪೂರ್ವ, ಜಾಲಹಳ್ಳಿ ಪಶ್ಚಿಮ ಎಂಬ ಇಂದಿನ ಸ್ಥಳನಾಮಗಳಲ್ಲಿ ಸೈನಿಕ ನೆಲೆಯ ವಿಂಗಡಣೆ ಉಳಿದಿದೆ. 1942ರ ಎದುರಿಗೆ ಕ್ವಿಟ್ ಇಂಡಿಯಾ ಎಂದಷ್ಟೇ ಬರೆದ ಜೀವನರೇಖೆ ಇಲ್ಲಿನ ಹಿರಿಯನ ಮಟ್ಟಿಗೆ ಅಪೂರ್ಣ. ಅವನ ಹೊಲದ ಬದುವಿನಾಚೆ ಬೇಲಿ ಬಂದದ್ದು, ದನ ನಡೆಯುವ ದಾರಿ ಮುಚ್ಚಿದ್ದು, ದಿನಗೂಲಿಯ ಹೊಸ ಕೆಲಸ ಹುಟ್ಟಿದ್ದು ಯುದ್ಧದ ಫಲ. ಲಿಬಿಯದ ಮರುಭೂಮಿಯ ಕದನಕ್ಕೂ ಯಲಹಂಕ ಸೀಮೆಯ ರಾಗಿ ಹೊಲಕ್ಕೂ ಹೀಗೆ ನೇರ ಸಂಬಂಧವಿದೆ. ಜಗತ್ತಿನ ಚರಿತ್ರೆ ಸ್ಥಳೀಯ ಬದುಕನ್ನು ಪ್ರವೇಶಿಸುವ ಬಾಗಿಲು ಇಂತಹುದು.

ಎರಡನೆಯ ತಿರುವು ಇನ್ನೂ ಆಳವಾದುದು. ಸ್ವಿಟ್ಸರ್ಲೆಂಡಿನ ಓರ್ಲಿಕನ್ ಸಂಸ್ಥೆಯ ಸಹಯೋಗದಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ 1953ರಲ್ಲಿ ಸ್ಥಾಪನೆಯಾಯಿತು. ಫ್ರಾನ್ಸಿನ ಸಿಎಸ್‌ಎಫ್ ಸಂಸ್ಥೆಯ ತಾಂತ್ರಿಕ ನೆರವಿನೊಡನೆ ಭಾರತ್ ಎಲೆಕ್ಟ್ರಾನಿಕ್ಸ್ 1954ರಲ್ಲಿ ರೂಪುಗೊಂಡಿತು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದ ಕೈಗಡಿಯಾರ ಕಾರ್ಖಾನೆ 1961ರಲ್ಲಿ ಬಂದಿತು. 1940ರ ಎಚ್‌ಎಎಲ್, 1948ರ ಐಟಿಐಗಳ ಬಳಿಕ ಬೆಂಗಳೂರನ್ನು ಕಾರ್ಖಾನೆಗಳ ನಗರವಾಗಿಸಿದ ಸರಣಿಯಲ್ಲಿ ಇವು ಮುಂದಿನ ಕೊಂಡಿಗಳು. ಕೋಲಾರ, ತುಮಕೂರು, ಮಂಡ್ಯಗಳಿಂದಲೂ ತಮಿಳುನಾಡು, ಕೇರಳ, ಆಂಧ್ರಗಳಿಂದಲೂ ಬಂದ ತರುಣರಿಗೆ ಇಲ್ಲಿ ಖಾಯಂ ನೌಕರಿ, ವಸತಿಗೃಹ, ಕಾರ್ಖಾನೆಯ ಬಸ್ಸು, ಕ್ಯಾಂಟೀನು, ಶಾಲೆ, ಆಸ್ಪತ್ರೆ ದೊರೆತವು. ಇಂತಹ ತರುಣನ ಮೊಮ್ಮಕ್ಕಳು ಬರೆಯುವ ಚರಿತ್ರೆಯಲ್ಲಿ ನೌಕರಿಗೆ ಸೇರಿದ ದಿನವೇ ವಂಶದ ಎರಡನೆಯ ಹುಟ್ಟು. ಅದು ಸುಳ್ಳಲ್ಲ. ಬೇಸಾಯದ ಅನಿಶ್ಚಿತತೆಯಿಂದ ತಿಂಗಳ ಸಂಬಳಕ್ಕೆ ದಾಟಿದ ಮನೆಗೆ ಅದು ನಿಜವಾದ ಘಟ್ಟ.

ಆದರೆ ಅದೇ ಕಾಲದ ಅದೇ ನೆಲ ಜಾಲಹಳ್ಳಿಯ ಹಳೆಯ ನಿವಾಸಿಗಳಿಗೆ ಏನಾಗಿತ್ತು ಎಂಬ ಪ್ರಶ್ನೆ ಉಳಿಯುತ್ತದೆ. ಇಲ್ಲಿ ಪೂರ್ವಜರನ್ನು ಒಂದೇ ಗುಂಪಾಗಿ ನೋಡದೆ ಮೂರು ವರ್ಗಗಳಾಗಿ ವಿಂಗಡಿಸುವುದು ಉಚಿತ. ಮೊದಲನೆಯವನು ಹಿಡುವಳಿದಾರ. ಅವನ ಜಮೀನು ಸಾರ್ವಜನಿಕ ಉದ್ದೇಶಕ್ಕೆ ಹೋಗಿದ್ದರೆ ಭೂಸ್ವಾಧೀನದ ಅಧಿಸೂಚನೆಯಲ್ಲಿ, ಐತೀರ್ಪಿನಲ್ಲಿ, ಪರಿಹಾರದ ಪಟ್ಟಿಯಲ್ಲಿ ಅವನ ಹೆಸರು ಇರುತ್ತದೆ. ಅವನಿಗೆ ಇತಿಹಾಸದಲ್ಲಿ ಕನಿಷ್ಠ ಒಂದು ಸಾಲು ಉಂಟು. ಎರಡನೆಯವನು ಗೇಣಿದಾರ ಅಥವಾ ಕೂಲಿಗಾರ. ಭೂಮಿ ಕೈಬದಲಾದಾಗ ಅವನ ದುಡಿಮೆಯೂ ಹೋಯಿತು. ಪರಿಹಾರದ ಕಾಗದದಲ್ಲಿ ಅವನು ಸಾಮಾನ್ಯವಾಗಿ ಕಾಣುವುದಿಲ್ಲ. ಮೂರನೆಯವನು ಕಾವಲು, ಗೋಮಾಳಗಳಲ್ಲಿ ದನಕುರಿ ಮೇಯಿಸಿದವನು, ಸೌದೆ ಆಯ್ದವನು. ಅವನಿಗೆ ಖಾತೆಯಿಲ್ಲ, ಪಹಣಿಯಿಲ್ಲ, ಐತೀರ್ಪಿಲ್ಲ. ಪೀಣ್ಯದ ಬಳಿಯ ಜಾರಕಬಂಡೆ ಕಾವಲ್ ಎಂಬ ಹೆಸರಿನಲ್ಲಿರುವ ‘ಕಾವಲ್’ ಎಂಬ ಪದವೇ ಅವನ ಜೀವನೋಪಾಯಕ್ಕೆ ಉಳಿದಿರುವ ಸಾಕ್ಷ್ಯ.

ಈ ಮೂರನೆಯ ವರ್ಗದ ಪ್ರಶ್ನೆ ಹಳೆಯ ಮಾತಲ್ಲ. ಎಚ್‌ಎಂಟಿಯ ವಶದಲ್ಲಿದ್ದ ಪೀಣ್ಯ ಪ್ಲಾಂಟೇಷನ್ ಪ್ರದೇಶದ ಭೂಮಿ 1896ರ ಅಧಿಸೂಚನೆಯಂತೆ ಅರಣ್ಯವೆಂಬ ವಾದದೊಡನೆ ರಾಜ್ಯದ ಅರಣ್ಯ ಇಲಾಖೆ 2024ರಲ್ಲಿ ಅದನ್ನು ಮರಳಿ ಪಡೆಯುವ ಕ್ರಮಕ್ಕೆ ಮುಂದಾಯಿತು. ಒಂದೇ ನೆಲ ಒಂದು ಕಾಗದದಲ್ಲಿ ಅರಣ್ಯ, ಇನ್ನೊಂದರಲ್ಲಿ ಕಾರ್ಖಾನೆಯ ಸ್ವತ್ತು. ವಿವಾದದ ಇತ್ಯರ್ಥ ನ್ಯಾಯಾಲಯ ಮತ್ತು ಸರ್ಕಾರಗಳಿಗೆ ಸೇರಿದ್ದು. ಚರಿತ್ರೆಯ ವಿದ್ಯಾರ್ಥಿಗೆ ಇಲ್ಲಿ ಮುಖ್ಯವಾದುದು ಬೇರೆ: ವಾದಿಸುವ ಎರಡೂ ಪಕ್ಷಗಳ ಬಳಿ ಕಾಗದವಿದೆ, ಆ ನೆಲದಲ್ಲಿ ದನ ಮೇಯಿಸಿದವನ ಮನೆಯವರ ಬಳಿ ನೆನಪು ಮಾತ್ರ ಇದೆ.

ಮೂರನೆಯ ತಿರುವು ನೌಕರಿಯ ಭದ್ರತೆ ಸಡಿಲಗೊಂಡ ಕಾಲದ್ದು. 1980ರ ಡಿಸೆಂಬರ್‌ನಿಂದ 1981ರ ಮಾರ್ಚ್‌ವರೆಗೆ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳಲ್ಲಿ ನಡೆದ 77 ದಿನಗಳ ಮುಷ್ಕರ ಜಾಲಹಳ್ಳಿಯ ಕಾರ್ಮಿಕ ಕುಟುಂಬಗಳ ನೆನಪಿನಲ್ಲಿ ಸಂಬಳವಿಲ್ಲದ ತಿಂಗಳುಗಳಾಗಿ ಉಳಿದಿದೆ. ಮರುವರ್ಷದ ಗೋಕಾಕ್ ಚಳವಳಿ, ಬಳಿಕ ಸರೋಜಿನಿ ಮಹಿಷಿ ಸಮಿತಿಯ ಮುಂದೆ ಬಂದ ಸ್ಥಳೀಯರ ಉದ್ಯೋಗದ ಪ್ರಶ್ನೆ ಇವೂ ಕಾರ್ಖಾನೆಯ ಗೇಟಿನ ಒಳಹೊರಗಿನ ಸಂಬಂಧಕ್ಕೆ ಸೇರಿದವು. ಎಚ್‌ಎಂಟಿ ಕೈಗಡಿಯಾರ ಕಂಪನಿಯನ್ನು ಮುಚ್ಚುವ ತೀರ್ಮಾನಕ್ಕೆ ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ನೀಡಿತು. ಅಲ್ಲಿ ದುಡಿದವರಲ್ಲಿ ಹೆಣ್ಣುಮಕ್ಕಳ ಸಂಖ್ಯೆ ಗಣನೀಯವಾಗಿತ್ತು ಎಂಬುದನ್ನು ವಿಶೇಷವಾಗಿ ನೆನೆಯಬೇಕು. ವಂಶಾವಳಿಗಳಲ್ಲಿ ಹೆಣ್ಣಿನ ಜೀವನಘಟ್ಟ ಸಾಮಾನ್ಯವಾಗಿ ಮದುವೆಯೊಂದೇ. ಹೆಸರು ಕೂಡ ‘ಇಂತಹವರ ಪತ್ನಿ’ ಎಂಬುದರಲ್ಲಿ ಮುಗಿಯುತ್ತದೆ. ಗಡಿಯಾರದ ಬಿಡಿಭಾಗಗಳನ್ನು ಜೋಡಿಸಿ ಸಂಬಳ ತಂದ ಅಜ್ಜಿಯ ಸೇವಾ ಪುಸ್ತಕ ಈ ರೂಢಿಯನ್ನು ಮುರಿಯಬಲ್ಲ ದಾಖಲೆ.

ನಗರಚರಿತ್ರೆ ಮತ್ತು ಮನೆತನದ ಚರಿತ್ರೆ

ಬೆಂಗಳೂರಿನ 20ನೆಯ ಶತಮಾನವನ್ನು ಕುರಿತ ಗಂಭೀರ ಅಧ್ಯಯನಗಳ ಕೊರತೆಯಿಲ್ಲ. ಜಾನಕಿ ನಾಯರ್ ಅವರು 2005ರಲ್ಲಿ ಪ್ರಕಟಿಸಿದ ‘ದಿ ಪ್ರಾಮಿಸ್ ಆಫ್ ದಿ ಮೆಟ್ರೊಪೊಲಿಸ್’ ಈ ನಗರದ ಯೋಜನೆ, ಭೂಮಿ, ದುಡಿಮೆ, ಭಾಷೆಗಳನ್ನು ಒಟ್ಟಾಗಿ ನೋಡಿದ ಮಹತ್ವದ ಗ್ರಂಥ. ಆದರೆ ಇಂತಹ ಅಧ್ಯಯನಗಳ ಘಟಕ ನಗರ. ವಂಶಚರಿತ್ರೆಯ ಘಟಕ ಮನೆ. ಎರಡರ ನಡುವೆ ಓಡಾಟ ಕಡಿಮೆಯಿರುವುದರಿಂದ ನಗರಚರಿತ್ರೆಯಲ್ಲಿ ‘ರೈತರು’, ‘ಕಾರ್ಮಿಕರು’ ಎಂಬ ಸಮೂಹವಾಚಕಗಳು ಉಳಿಯುತ್ತವೆ. ಮನೆತನದ ಚರಿತ್ರೆಯಲ್ಲಿ ಸಂದರ್ಭವಿಲ್ಲದ ಹೆಸರುಗಳು ಉಳಿಯುತ್ತವೆ. ಕುಟುಂಬದ ಬರವಣಿಗೆಯನ್ನು ಹವ್ಯಾಸವೆಂದು ವಿದ್ವಾಂಸರು ಬದಿಗಿಡುವುದೂ, ಭೂದಾಖಲೆ ಕಾರ್ಮಿಕ ದಾಖಲೆಗಳನ್ನು ಶುಷ್ಕವೆಂದು ಕುಟುಂಬದವರು ಬಿಡುವುದೂ ಈ ಅಂತರವನ್ನು ಹಿಗ್ಗಿಸಿವೆ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಮೊಮ್ಮಕ್ಕಳು ಪ್ರೀತಿಯಿಂದ ಬರೆದ ಕಿರುಪುಸ್ತಕದಿಂದ ಇಷ್ಟೆಲ್ಲ ನಿರೀಕ್ಷಿಸುವುದು ನ್ಯಾಯವೇ ಎಂಬುದೇ ಆ ಆಕ್ಷೇಪ. ಪ್ರೀತಿಗೆ ಯಾರ ಅಡ್ಡಿಯೂ ಇಲ್ಲ. ಆದರೆ ಅಂತಹ ಪುಸ್ತಕ ಗ್ರಂಥಾಲಯಕ್ಕೆ ಬಂದ ಕ್ಷಣದಿಂದ ಅದು ಆಕರವಾಗುತ್ತದೆ. ಮುಂದಿನ ಸಂಶೋಧಕನಿಗೆ ಅದರಲ್ಲಿ ಸಿಗುವುದು ಪಠ್ಯಪುಸ್ತಕಗಳಲ್ಲಿ ಈಗಾಗಲೇ ಇರುವ ರಾಷ್ಟ್ರೀಯ ಘಟನೆಗಳ ಪಟ್ಟಿಯೇ ಆದರೆ ಅದು ಹೊಸತೇನನ್ನೂ ಕೊಡುವುದಿಲ್ಲ. ಯಾವ ಸರ್ವೆ ನಂಬರಿನ ಹೊಲ ಯಾವಾಗ ಹೋಯಿತು, ಪರಿಹಾರದ ಹಣದಿಂದ ಏನು ಮಾಡಿದರು, ಮುಷ್ಕರದ ತಿಂಗಳುಗಳಲ್ಲಿ ಮನೆ ಹೇಗೆ ನಡೆಯಿತು ಎಂಬ ವಿವರಗಳು ಬೇರೆಲ್ಲೂ ಸಿಗುವಂತಹವಲ್ಲ.

ಉಪಸಂಹಾರ

ಪೂರ್ವಜರ ಜೀವನಘಟ್ಟಗಳಿಗೆ ಚಾರಿತ್ರಿಕ ಸಂದರ್ಭವನ್ನು ಒದಗಿಸುವ ಕೆಲಸ ಆ ವ್ಯಕ್ತಿಯನ್ನು ಮುಟ್ಟಿದ ಕಾಗದಗಳಿಂದ ಆರಂಭವಾಗಬೇಕು: ಪಹಣಿ, ಖಾತೆ, ಐತೀರ್ಪು, ಶಾಲೆಯ ದಾಖಲಾತಿ, ಸೇವಾ ಪುಸ್ತಕ, ಪಡಿತರ ಚೀಟಿ, ಕಾರ್ಖಾನೆಗಳ ಕನ್ನಡ ಸಂಘಗಳ ಸ್ಮರಣ ಸಂಚಿಕೆ. ಅವುಗಳಿಂದ ಊರಿಗೆ, ಊರಿನಿಂದ ಸಂಸ್ಥಾನಕ್ಕೆ, ಅಲ್ಲಿಂದ ದೇಶ ಮತ್ತು ಜಗತ್ತಿಗೆ ವಿಸ್ತರಿಸುವ ಕ್ರಮ ಸರಿಯಾದುದು. ಕಾಗದವಿಲ್ಲದವರ ವಿಷಯದಲ್ಲಿ ಸ್ಥಳನಾಮ, ಹೆಳವರ ನಿರೂಪಣೆ, ಹಿರಿಯರ ಮಾತುಗಳನ್ನು ಅಷ್ಟೇ ಶಿಸ್ತಿನಿಂದ ದಾಖಲಿಸಬೇಕು. ಒಂದೇ ಘಟನೆ ನೆರೆಯ ಮನೆಯಲ್ಲಿ ಬೇರೆ ಅರ್ಥ ಪಡೆದಿದ್ದರೆ ಅದನ್ನೂ ಜೊತೆಯಲ್ಲೇ ಬರೆಯಬೇಕು. ಕಾರ್ಖಾನೆ ಬಂದ ವರ್ಷ ಕೆಲಸ ಪಡೆದವನ ಚರಿತ್ರೆ, ಆ ನೆಲವನ್ನು ಬಿಟ್ಟುಕೊಟ್ಟವನ ಪ್ರಸ್ತಾಪವಿಲ್ಲದೆ ಪೂರ್ಣವಾಗಲಾರದು.

ಭೂದಾಖಲೆಗಳ ಗಣಕೀಕರಣವಾದ ‘ಭೂಮಿ’ ಯೋಜನೆಯ ಬಳಿಕ ಪಹಣಿ ಪಡೆಯುವುದು ಸುಲಭವಾಗಿದೆ. ಅದಕ್ಕೆ ಹಿಂದಿನ ಕೈಬರಹದ ಪುಸ್ತಕಗಳು, ಮುಚ್ಚಿದ ಕಾರ್ಖಾನೆಗಳ ಸಿಬ್ಬಂದಿ ಕಡತಗಳು ಸಂರಕ್ಷಣೆಗಾಗಿ ಕಾಯುತ್ತಿವೆ. 1950ರ ದಶಕದಲ್ಲಿ ಜಾಲಹಳ್ಳಿ, ಅಬ್ಬಿಗೆರೆ, ಕಮ್ಮಗೊಂಡನಹಳ್ಳಿಗಳಲ್ಲಿ ಯೌವನದಲ್ಲಿದ್ದವರು ಇಂದು ತೊಂಬತ್ತನ್ನು ದಾಟುತ್ತಿದ್ದಾರೆ. ಅಕಾಡೆಮಿಗಳೂ ವಿಶ್ವವಿದ್ಯಾಲಯಗಳೂ ಕ್ಷೇತ್ರಕಾರ್ಯವನ್ನು ಮೊದಲು ಈ ಹಿರಿಯರಿಂದ ಆರಂಭಿಸುವುದು ಅಗತ್ಯ. ಕಡತಗಳು ಇನ್ನಷ್ಟು ಕಾಲ ಕಾದಾವು. ಇವರ ನೆನಪಿಗೆ ಆ ಬಿಡುವಿಲ್ಲ.